ಇಪ್ಪತ್ನಾಲ್ಕು ಡೆಸಿಬಲ್ ಕಮ್ಮಿ ಬಿದ್ದ ಹಾಡು

ಬಾಗಲಕೋಟೆಯ ನಿಶ್ಶಬ್ದವು ತೊಂಬತ್ತೆಂಟು ಡೆಸಿಬಲ್ ಇರುತ್ತದೆ. ಇದು ಯಾರೋ ಕಟ್ಟೆಯ ಮೇಲೆ ಕೂತು ಆಡಿದ ಮಾತಲ್ಲ. ಜಿಲ್ಲಾ ಶ್ರವಣಸೌಖ್ಯ ಸಮಿತಿಯು ವಿಧಿವತ್ತಾಗಿ ಅಳೆದು, ರುಜು ಮಾಡಿ, ದುಂಡನೆಯ ಮೊಹರು ಒತ್ತಿದ ಸಂಗತಿ. ಇಳಕಲ್ಲಿನ ಹಾಡುಗಾರ ವಿಜಯಮಹಾಂತೇಶನಿಗೆ ಇದು ಮೊದಲೇ ಗೊತ್ತಿದ್ದರೆ ಡ್ರಮ್ಮಿಗೆ ಕೌದಿ ಹೊದಿಸುವ ಕಷ್ಟವಾದರೂ ತಪ್ಪುತ್ತಿತ್ತು.

ಕೌದಿ ಹೊದಿಸಿದ್ದು ತಂಗಿ ಚಂದವ್ವನಿಗಾಗಿ. ಚಂದವ್ವನ ಕಿವಿ ಬಹಳ ಸೂಕ್ಷ್ಮ. ಪಕ್ಕದ ಮನೆಯಲ್ಲಿ ಮಿಕ್ಸರ್ ತಿರುಗಿದರೆ ಇವಳ ಎದೆ ಹೊಡೆದುಕೊಳ್ಳುತ್ತದೆ; ಮದುವೆಗೆ ಹೋದರೆ ಬ್ಯಾಂಡಿನವರು ಬಂದು ಇಳಿಯುವಷ್ಟರಲ್ಲಿ ಮುಯ್ಯಿ ಮಾಡಿ ಮನೆ ಸೇರಿರುತ್ತಾಳೆ. ಅಣ್ಣ ಗಿಟಾರು ಹಿಡಿದು ಊರೂರು ಸುತ್ತಲು ಶುರುಮಾಡಿ ಹನ್ನೆರಡು ವರ್ಷವಾಗಿತ್ತು. ಅವನ ಒಂದು ಕಾರ್ಯಕ್ರಮಕ್ಕೂ ಅವಳು ಕೂತಿರಲಿಲ್ಲ. ಊರೆಲ್ಲ ಚಪ್ಪಾಳೆ ತಟ್ಟಿದರೂ ಇದೊಂದು ಕೊರಗು ಅವನನ್ನು ಬಿಟ್ಟಿರಲಿಲ್ಲ.

ಹೀಗಿರುವಾಗ ಸಮಿತಿಯವರು ‘ಸೂಕ್ಷ್ಮ ಶ್ರೋತೃಗಳ ಸಂಜೆ’ ಎಂಬ ಕಾರ್ಯಕ್ರಮ ಘೋಷಿಸಿದರು. ಶಬ್ದ ತಡೆಯದವರಿಗಾಗಿ ಹಾಡು. ಆದರೆ ಪ್ರತಿ ಹಾಡೂ ಮೊದಲು ಪರೀಕ್ಷೆಯಲ್ಲಿ ಪಾಸಾಗಬೇಕು. ವಿಜಯಮಹಾಂತೇಶ ತಡಮಾಡಲಿಲ್ಲ. ಅವ್ವ ಬೀಸುವಾಗ ಹಾಡುತ್ತಿದ್ದ ಒಂದು ಪದವನ್ನು ತೆಗೆದುಕೊಂಡು ಗಿಟಾರಿಗೆ ಕೂಡಿಸಿದ. ತನ್ನ ದನಿ ತಗ್ಗಿಸಿದ. ಡ್ರಮ್ಮಿನ ಮೇಲೆ ಅವ್ವನ ಹಳೇ ಕೌದಿ ಹಾಸಿದ. ಡ್ರಮ್ಮು ಬಾರಿಸುವ ತೌಸಿಫನಿಗೆ ಮಾತ್ರ ಇದು ಸೇರಲಿಲ್ಲ.

“ಲೇ ಮಹಾಂತ್ಯಾ, ಇದು ರಾಕ್ ಅಲ್ಲಲೇ. ಕೂಸಿನ್ನ ತಟ್ಟಿ ಮಲಗಸೂದು.”

“ಚಂದವ್ವ ಕೂತು ಕೇಳಿದ್ರ ಸಾಕಲೇ. ನಾ ಮತ್ತೇನೂ ಬೇಡೂದಿಲ್ಲ,” ಎಂದ ವಿಜಯಮಹಾಂತೇಶ.

ಇಲ್ಲಿ ಸಮಿತಿಯ ನಾಲ್ಕನೆಯ ನಿಯಮವನ್ನು ಓದುಗರ ಅವಗಾಹನೆಗೆ ತರುವುದು ಅಗತ್ಯ: “ಯಾವುದೇ ಹಾಡು ಸ್ಥಳೀಯ ನಿಶ್ಶಬ್ದಕ್ಕಿಂತ ಹತ್ತು ಡೆಸಿಬಲ್‌ ಮೀರಿ ಹೆಚ್ಚಾಗಲಿ ಕಡಿಮೆಯಾಗಲಿ ಇರತಕ್ಕದ್ದಲ್ಲ. ಹಠಾತ್ತನೆ ಸದ್ದಡಗಿದರೂ ಸೂಕ್ಷ್ಮ ಕಿವಿಗಳು ಬೆಚ್ಚಿಬೀಳುವ ಸಂಭವವಿರುತ್ತದೆ.” ಸ್ಥಳೀಯ ನಿಶ್ಶಬ್ದವನ್ನು ವರ್ಷಕ್ಕೊಮ್ಮೆ, ಮಾರ್ಚ್ ಮುಗಿಯುವುದರೊಳಗೆ, ಕಚೇರಿಯ ಕಿಟಕಿಯಲ್ಲಿ ಯಂತ್ರವಿಟ್ಟು ಅಳೆಯಬೇಕು ಎನ್ನುವುದು ಐದನೆಯ ನಿಯಮ.

ಕಚೇರಿ ಇರುವುದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗದೆ ಉಳಿದ ಹಳೇ ಊರಿನಲ್ಲಿ. ಅಳತೆಗೆ ಪುರಸೊತ್ತು ಸಿಕ್ಕಿದ್ದು ಹೋಳಿಯ ಎರಡನೇ ದಿನ. ಆ ದಿನಗಳಲ್ಲಿ ಬಾಗಲಕೋಟೆಯ ಓಣಿ ಓಣಿಯಲ್ಲಿ ಹಲಗಿ ಬಾರಿಸುತ್ತಾರೆ. ಕಿಟಕಿಯ ಗಾಜು ಕೂಡ ತಾಳ ಹಾಕುತ್ತದೆ. ಆದರೆ ಹುಟ್ಟಾ ಬಾಗಲಕೋಟೆಯವರಿಗೆ ಅದು ಸಪ್ಪಳವೆಂದು ಅನ್ನಿಸುವುದೇ ಇಲ್ಲ. ಹಲಗಿ ನಿಂತರೆ ಮಾತ್ರ ಏನಾಯಿತೋ ಎಂದು ಹೊರಗೆ ಬಂದು ವಿಚಾರಿಸುತ್ತಾರೆ. ಕಚೇರಿಯ ಮೇಲ್ವಿಚಾರಕ ಸತ್ಯಬೋಧರಾಯರು ಹುಟ್ಟಿ ಬೆಳೆದದ್ದು ಅದೇ ಓಣಿಯಲ್ಲಿ. ಅವರು ಕಣ್ಣು ಮುಚ್ಚಿ, ಎರಡು ನಿಮಿಷ ಕಿವಿಗೊಟ್ಟು, ‘ಇತರೆ ಸದ್ದುಗಳು’ ಎಂಬ ಕಾಲಮ್ಮಿನಲ್ಲಿ ‘ಇಲ್ಲ’ ಎಂದು ಬರೆದರು. ಯಂತ್ರ ತೊಂಬತ್ತೆಂಟು ತೋರಿಸಿತು.

ಹುನಗುಂದದಿಂದ ವರ್ಗವಾಗಿ ಬಂದಿದ್ದ ಅಧ್ಯಕ್ಷೆ ಸುನಂದಾ ಅವರಿಗೆ ಸ್ವಲ್ಪ ಅನುಮಾನ ಬಂತು. “ರಾಯರ, ನಮ್ಮ ಹುನಗುಂದದಾಗ ನಿಶ್ಶಬ್ದ ಇಷ್ಟ ಇರತಿರಲಿಲ್ರಿ.”

“ಅದು ತಾಲೂಕಾ ರಿ, ಮ್ಯಾಡಮ್,” ಎಂದರು ರಾಯರು. “ಇದು ಜಿಲ್ಲಾ.”

ಮಾತು ನ್ಯಾಯವಾಗಿತ್ತು. ಮ್ಯಾಡಮ್ ರುಜು ಹಾಕಿದರು.

ಏಪ್ರಿಲಿನಲ್ಲಿ ವಿಜಯಮಹಾಂತೇಶ, ತೌಸಿಫ ಮತ್ತು ಕೌದಿ ಕಚೇರಿಗೆ ಬಂದರು. ಹಾಡು ಹತ್ತಿಯಷ್ಟು ಮೆತ್ತಗೆ ಹೊರಟು, ಮೆತ್ತಗೆ ಮುಗಿಯಿತು. ಯಂತ್ರ ಎಪ್ಪತ್ನಾಲ್ಕು ತೋರಿಸಿತು. ರಾಯರು ಚಷ್ಮಾ ತೆಗೆದು ಒರೆಸಿಕೊಂಡರು.

“ಹೋಳ್ಯಾಗ ಅಳೆದ ನಿಶ್ಶಬ್ದಕ್ಕಿಂತ ಇಪ್ಪತ್ನಾಲ್ಕು ಕಮ್ಮಿ ಬಿತ್ತು ನೋಡ್ರಿ.”

“ಕಮ್ಮಿ ಇದ್ರ ಚಲೋ ಅಲ್ರಿ, ರಾಯರ? ಸೂಕ್ಷ್ಮ ಕಿವಿಯವರಿಗೆ ಅಂತನ ಮಾಡೇವಿ,” ಎಂದ ವಿಜಯಮಹಾಂತೇಶ.

“ನಿಶ್ಶಬ್ದಕ್ಕಿಂತ ಕೆಳಗಿದ್ದದ್ದನ್ನ ಹಾಡು ಅಂತ ನಾ ಹ್ಯಾಂಗ ಬರೀಲಿ? ಕಾಗದದ ಪ್ರಕಾರ ನೀವಿನ್ನೂ ಹಾಡೇ ಇಲ್ಲ.”

“ಈಗ ಕೇಳಿದ್ರಲ್ರಿ?”

“ಕೇಳೇನಿ. ನಮ್ಮವ್ವನ ನೆನಪಾಗಿ ಕಣ್ಣಾಗ ನೀರು ಬಂತು. ಅದು ನನ್ನ ಖಾಸಗಿ ವಿಷಯ.”

“ಹಂಗಾರ ಇವತ್ತ ಮತ್ತೊಮ್ಮೆ ನಿಶ್ಶಬ್ದ ಅಳೀರಲ್ಲ. ಈಗ ಹಲಗಿ ಇಲ್ಲ.”

“ನಿಶ್ಶಬ್ದ ವರ್ಷಕ್ಕೊಮ್ಮೆ ರಿ. ಇನ್ನ ಬರೂ ಹೋಳಿಗೆ.”

ವಿಜಯಮಹಾಂತೇಶನ ಮುಖ ಸಣ್ಣದಾಯಿತು. ತಂಗಿ ಆಗಲೇ ಹೊಸ ಸೀರೆಗೆ ಫಾಲ್ ಹಚ್ಚಿಸಿಟ್ಟಿದ್ದಳು. ಅವಳಿಗೆ ಏನು ಹೇಳುವುದೆಂದು ತಿಳಿಯದೆ ಅವನು ಬೆಂಚಿನ ಮೇಲೆ ಕೂತುಬಿಟ್ಟ. ರಾಯರೇನು ಕಲ್ಲು ಮನಸ್ಸಿನವರಲ್ಲ. ಒಂದು ಕಪ್ ಚಹಾ ತರಿಸಿ ಕುಡಿಸಿದರು, ನಿಯಮದ ಪುಸ್ತಕವನ್ನು ಹಿಂದು ಮುಂದು ತಿರುವಿ ಹಾಕಿದರು, ಮೂರು ದಿನಗಳಲ್ಲಿ ಆದೇಶವನ್ನೂ ಹೊರಡಿಸಿದರು: “ಸದರಿ ಹಾಡಿನಲ್ಲಿ ಕಂಡುಬಂದ ಇಪ್ಪತ್ನಾಲ್ಕು ಡೆಸಿಬಲ್ ಕೊರತೆಯನ್ನು ಆರು ಹಲಗಿಗಳಿಂದ ತುಂಬಿಕೊಡುವ ಷರತ್ತಿಗೊಳಪಟ್ಟು, ಸೂಕ್ಷ್ಮ ಶ್ರೋತೃಗಳಿಗೆ ಯೋಗ್ಯವೆಂದು ಪ್ರಮಾಣೀಕರಿಸಲಾಗಿದೆ. ಹಲಗಿಯ ಸದ್ದಿನಿಂದ ಶ್ರೋತೃಗಳಿಗೆ ಬಾಧೆಯಾಗದಂತೆ ತಲಾ ಹತ್ತು ಗ್ರಾಂ ಅರಳೆ ವಿತರಿಸತಕ್ಕದ್ದು.”

ಕಾರ್ಯಕ್ರಮದ ಸಂಜೆ ಸೂಕ್ಷ್ಮ ಕಿವಿಯ ನಲವತ್ತು ಮಂದಿ ಬಂದರು. ಬಾಗಿಲಲ್ಲಿ ಅರಳೆ ಪಡೆದು, ಪಡೆದದ್ದಕ್ಕೆ ಸಹಿ ಮಾಡಿ, ಕಿವಿಗೆ ತುರುಕಿಕೊಂಡು ಸಾಲಾಗಿ ಕೂತರು. ಚಂದವ್ವ ಮೊದಲ ಸಾಲಿನಲ್ಲಿ ಹೊಸ ಸೀರೆ ಉಟ್ಟು ಕೂತಿದ್ದಳು. ಆರು ಹಲಗಿ ಒಮ್ಮೆಲೇ ಎದ್ದವು. ಇನ್ನು ನಾಚಿಕೆ ಯಾಕೆಂದು ತೌಸಿಫ ಕೌದಿ ಕಿತ್ತೊಗೆದ. ವಿಜಯಮಹಾಂತೇಶನಿಗೆ ತನ್ನ ದನಿ ತನಗೇ ಕೇಳಿಸಲಿಲ್ಲ. ಆದರೆ ತಂಗಿ ಎದ್ದು ಹೋಗಲಿಲ್ಲ. ಪಲ್ಲವಿ ಆಯಿತು, ಒಂದು ನುಡಿ ಆಯಿತು, ಎರಡಾಯಿತು. ಚಂದವ್ವ ಅವನನ್ನೇ ನೋಡುತ್ತ ಕೂತೇ ಇದ್ದಳು. ಹನ್ನೆರಡು ವರ್ಷದ ಕೊರಗೆಲ್ಲ ಕರಗಿಹೋಯಿತು. ಕೊನೆಯ ನುಡಿಯನ್ನು ಅವನು ಬರೀ ತುಟಿ ಆಡಿಸಿ ಮುಗಿಸಿದ, ಯಾರಿಗೂ ತಿಳಿಯಲಿಲ್ಲ. ಯಂತ್ರ ನೂರಾ ಮೂರು ತೋರಿಸಿತು, ನಿಯಮದೊಳಗೇ ಇತ್ತು.

ಕಾರ್ಯಕ್ರಮ ಮುಗಿದ ಮೇಲೆ ಅವನು ಕೆಳಗಿಳಿದು ಬಂದು, ಕೈಸನ್ನೆ ಮಾಡಿ ಅರಳೆ ತೆಗೆಸಿ ಕೇಳಿದ. “ಹ್ಯಾಂಗಿತ್ತವ್ವಾ?”

“ಭಾಳ ಚಂದ ಇತ್ತಣ್ಣಾ,” ಎಂದಳು ಚಂದವ್ವ, ಮುಖ ಅರಳಿಸಿ. “ಒಂದಕ್ಷರ ಕೇಳಸಲಿಲ್ಲ. ಹಿಂಗ ಹಾಡ್ತಿದ್ರ ನಾ ದಿನಾ ಬರ್ತೇನಿ.”

ಪಕ್ಕದಲ್ಲೇ ನಿಂತಿದ್ದ ಸತ್ಯಬೋಧರಾಯರು ಮೂರು ವಾಕ್ಯಗಳನ್ನೂ ‘ಶ್ರೋತೃಗಳ ಅಭಿಪ್ರಾಯ’ ಎಂಬಲ್ಲಿ ಚಾಚೂ ತಪ್ಪದೆ ಬರೆದುಕೊಂಡರು. ವಿಜಯಮಹಾಂತೇಶ ಕಣ್ಣೊರೆಸಿಕೊಂಡು, ಇನ್ನೊಂದು ಹಾಡಿಗೆ ಅರ್ಜಿಯ ಫಾರ್ಮು ಸಿಗಬಹುದೇ ಎಂದು ಅವರನ್ನು ಕೇಳಿದ.