ಮೋಸೆಲ್ ಹೋಗಿ ಮೊಸಳೆ ಬಂತು

ಹೊಸಪೇಟೆಯ ಮೌನೇಶನಿಗೆ ತಪ್ಪು ಕಂಡರೆ ಆಗುತ್ತಿರಲಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹದಿನೆಂಟು ವರ್ಷ ಡಿ.ಟಿ.ಪಿ. ಮಾಡಿದ ಮನುಷ್ಯ. ಮದುವೆ ಕಾರ್ಡಿನಲ್ಲಿ ವರನ ಹೆಸರು ವಿಚಿತ್ರವಾಗಿ ಕಂಡರೆ ಯಾರನ್ನೂ ಕೇಳದೆ ಒಳ್ಳೆಯ ಹೆಸರಿಟ್ಟು ಕಳಿಸುತ್ತಿದ್ದ. ಅಂಥವನ ಕೈಗೆ ಕಾಲೇಜಿನಿಂದ ಒಂದು ಚೀಟಿ ಬಂತು: ‘ವಿಶೇಷ ಉಪನ್ಯಾಸ: ಮೋಸೆಲ್ ಕಣಿವೆಯ ಇತಿಹಾಸ ಮತ್ತು ಭೂಗೋಳ. ಉಪನ್ಯಾಸಕರು: ಶ್ರೀ ಸುಮಧ್ವ.’ ಮೌನೇಶ ಅದನ್ನು ಎರಡು ಸಲ ಓದಿದ. ಕಾಲೇಜಿನವರಿಗೇ ಕನ್ನಡ ಬರುವುದಿಲ್ಲವಲ್ಲ ಎಂದು ಮರುಗಿದ. ‘ಮೋಸೆಲ್’ ಅನ್ನು ‘ಮೊಸಳೆ’ ಎಂದು ತಿದ್ದಿ ಇನ್ನೂರು ಕಾರ್ಡು, ಒಂದು ಬ್ಯಾನರು ಹೊಡೆದ. ಬ್ಯಾನರಿನ ಬಲಗಡೆ ಸ್ವಲ್ಪ ಜಾಗ ಉಳಿದಿತ್ತು. ಅಲ್ಲಿ ತನ್ನ ಖುಷಿಗೆ ಬಾಯಿ ತೆರೆದ ಒಂದು ಮೊಸಳೆಯನ್ನೂ ಕೂರಿಸಿದ.

ಸುಮಧ್ವ ಆ ಕಾಲೇಜಿನಲ್ಲಿ ಭೂಗೋಳದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಬಂದು ಹೋಗುವವನು. ಸುಮಧ್ವ ಹದಿನಾಲ್ಕು ವರ್ಷದಿಂದ ಬರುತ್ತಲೇ ಇದ್ದ, ಯಾರೂ ‘ಇಲ್ಲೇ ಇರ್ರಿ’ ಅಂದಿರಲಿಲ್ಲ. ಎಂ.ಫಿಲ್.ಗೆ ತುಂಗಭದ್ರೆಯ ಮೇಲೆ ಬರೆಯೋಣವೆಂದರೆ ಆಗಲೇ ಹನ್ನೊಂದು ಜನ ಬರೆದು ಮುಗಿಸಿದ್ದರು. ಗ್ರಂಥಾಲಯದಲ್ಲಿ ಸಿಕ್ಕ ಹಳೆಯ ಅಟ್ಲಾಸೊಂದನ್ನು ಗೆದ್ದಲು ತಿಂದು, ಜರ್ಮನಿಯ ಮೋಸೆಲ್ ನದಿಯ ಒಂದು ಹಾಳೆಯನ್ನು ಮಾತ್ರ ಬಿಟ್ಟಿತ್ತು. ಸುಮಧ್ವ ಗೆದ್ದಲಿನ ಮಾತು ಮೀರಲಿಲ್ಲ. ಗುಂತಕಲ್ ದಾಟದ ಈ ಮನುಷ್ಯನಿಗೆ ಮೋಸೆಲ್ ಎಲ್ಲಿ ಎಡಕ್ಕೆ ತಿರುಗುತ್ತದೆ, ಎಲ್ಲಿ ಬಲಕ್ಕೆ, ಯಾವ ತಿರುವಿನಲ್ಲಿ ಯಾವ ಊರು, ಯಾವ ಊರ ಗುಡ್ಡಕ್ಕೆ ಎಷ್ಟು ಹಳೆಯ ದ್ರಾಕ್ಷಿ ತೋಟ ಎಲ್ಲವೂ ಬಾಯಿಪಾಠ. ಅದನ್ನು ಹೇಳು ಎಂದು ಈತನಕ ಒಬ್ಬರೂ ಕೇಳಿರಲಿಲ್ಲ. ಅದೊಂದು ಕೊರಗು ಅವನಿಗೆ ಯಾವಾಗಲೂ ಇತ್ತು.

ಈ ತಿಂಗಳು ಕಾಲೇಜಿಗೆ ಭೂಗೋಳದ ಒಂದು ಖಾಯಂ ಹುದ್ದೆ ಬಂದಿತ್ತು. ಸುಮಧ್ವ ತನ್ನ ಮೋಸೆಲನ್ನೂ ಬರೆದು ಅರ್ಜಿ ಹಾಕಿದ್ದ. ಆಡಳಿತ ಮಂಡಳಿಯ ಅಧ್ಯಕ್ಷರು ಕಂಪ್ಲಿಯ ವಿರೂಪಾಕ್ಷಪ್ಪ, ಅಕ್ಕಿ ಗಿರಣಿಯವರು. ಅವರು ಪ್ರಿನ್ಸಿಪಾಲರಿಗೆ ಫೋನು ಮಾಡಿ, “ಸುಮಧ್ವ ಅವರದೊಂದು ಭಾಷಣ ಇಡ್ರಿ. ನಾನೇ ಬಂದು ಕೇಳಿ, ಆರ್ಡರ್ ಕೊಡೋದೋ ಬ್ಯಾಡೋ ನೋಡ್ತೀನಿ” ಎಂದಿದ್ದರು. ಭಾಷಣ ಇವತ್ತು ಹನ್ನೊಂದಕ್ಕೆ.

ಬೆಳಿಗ್ಗೆ ಏಳಕ್ಕೆ ಪಕ್ಕದ ಮನೆಯ ಎರ್ರಿಯಪ್ಪ ಕಾರ್ಡು ಹಿಡಿದುಕೊಂಡು ಬಂದರು. ಕಾಲುವೆಯ ಗೇಟು ಎತ್ತಿ ಇಳಿಸಿ ರಿಟೈರಾದವರು.

“ಇಷ್ಟ್ ವರ್ಷ ಬಾಜೂಕ ಅದೀವಿ, ಒಂದ್ ಮಾತು ಹೇಳ್ಲಿಲ್ಲಲ್ರಿ ಸರ. ನಿಮಗ ಮೊಸಳಿ ಬಗ್ಗೆ ಇಷ್ಟ್ ಗೊತ್ತೈತಿ ಅಂತ ನನಗ ಗೊತ್ತಿರ್ಲಿಲ್ಲ.”

ಸುಮಧ್ವ ಕಾರ್ಡು ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಎರಡನೆಯ ಸಲವೂ ಮೊಸಳೆಯೇ ಇತ್ತು.

“ಎರ್ರಿಯಪ್ಪಾರ, ಇದು ಮೊಸಳಿ ಅಲ್ರಿ. ಮೋಸೆಲ್. ಜರ್ಮನಿಯೊಳಗಿನ ನದಿ.”

“ಆತ್ ಬಿಡ್ರಿ, ಜರ್ಮನಿ ಮೊಸಳಿ. ಆದ್ರೂ ನಮ್ಮ ಕಾಲುವಿ ಮೊಸಳಿ ಬಗ್ಗೆನೂ ನಾಕು ಮಾತು ಹೇಳ್ಬೇಕ್ರಿ. ಕುಂದ್ರಿ, ನಾನೇ ಹೇಳಿಕೊಡ್ತೀನಿ.” ಅವರು ಕೂತು ಮುಕ್ಕಾಲು ಗಂಟೆ ಹೇಳಿಕೊಟ್ಟರು. ಅದರಲ್ಲಿ ಅರ್ಧ ಉಡದ ಕತೆಯಾಗಿತ್ತು.

ಒಳಗಿನಿಂದ ತಾಯಿ ಲಕ್ಷ್ಮೀಬಾಯಿ ಎಲ್ಲವನ್ನೂ ಕೇಳಿಸಿಕೊಂಡರು. ಮಡಿಹುಡಿಯ ಮನೆ. ಮೋಸೆಲ್ ತೀರದ ದ್ರಾಕ್ಷಿಯನ್ನೆಲ್ಲ ಒಣಗಿಸಿ ಒಣದ್ರಾಕ್ಷಿ ಮಾಡುತ್ತಾರೆಂದು ಸುಮಧ್ವ ವರ್ಷಗಟ್ಟಲೆ ತಾಯಿಗೆ ಹೇಳಿಕೊಂಡು ಬಂದಿದ್ದ. ಹೋದ ವರ್ಷ ಮೊಬೈಲಿನಲ್ಲಿ ಯಾರೋ ಅವರಿಗೆ ಸೀಸೆಗಳ ಚಿತ್ರ ತೋರಿಸಿಬಿಟ್ಟಿದ್ದರು.

“ಮಧ್ವಾ, ಛಲೋ ಆತು ನೋಡು. ಆ ಕುಡಿಯೋರ ಊರಿನ ಸುದ್ದಿ ಬಿಟ್ಟೆಲ್ಲ. ಮೊಸಳಿ ಅಂದಮ್ಯಾಲೆ ಗಜೇಂದ್ರ ಮೋಕ್ಷ ಬಿಡಬ್ಯಾಡ. ಮೊದಲಿಗೇ ಹೇಳಿಬಿಡು, ಪುಣ್ಯ ಬರ್ತದ.”

ಸುಮಧ್ವ ಪ್ರೆಸ್ಸಿಗೆ ಫೋನು ಮಾಡಿದ. ಬೈಯಬೇಕೆಂದೇ ಮಾಡಿದ್ದ. ಅವನು ಬಾಯಿ ತೆರೆಯುವ ಮೊದಲೇ ಮೌನೇಶ, “ಥ್ಯಾಂಕ್ಸ್ ಬ್ಯಾಡ್ರಿ ಸರ, ತಪ್ಪು ತಿದ್ದೋದು ನಮ್ಮ ಡ್ಯೂಟಿ. ಮೊಸಳಿ ಫೋಟೋ ಫ್ರೀ” ಎಂದ. ಸುಮಧ್ವನಿಂದ “ಹೌದ್ರಿ, ಭಾಳ ಉಪಕಾರ ಆತು” ಎಂಬ ಮಾತು ಬಂತು. ಎದುರಿನವರು ಜೋರಾಗಿ ಮಾತಾಡಿದರೆ ಅವನ ಬಾಯಿಂದ ‘ಹೌದ್ರಿ’ ತಾನಾಗಿ ಬೀಳುತ್ತಿತ್ತು. ಹದಿನಾಲ್ಕು ವರ್ಷ ಅತಿಥಿಯಾಗಿದ್ದರೆ ಯಾರಿಗಾದರೂ ಹಾಗೆ ಆಗುತ್ತದೆ.

ಹತ್ತೂವರೆಗೆ ಕಾಲೇಜಿನ ಗೇಟಿನಲ್ಲಿ ಜಾತ್ರೆಯಷ್ಟು ಜನ. ಪ್ರಿನ್ಸಿಪಾಲ್ ಶೈಲಜಾ ಮೇಡಂ ಹೊಸ ಇಳಕಲ್ ಸೀರೆಯುಟ್ಟು ಕಾರಿಡಾರಿನಲ್ಲಿ ಓಡಾಡುತ್ತಿದ್ದರು.

“ಸುಮಧ್ವ ಸರ, ಮಸ್ತ್ ಟಾಪಿಕ್ ತಗೊಂಡ್ರಿ! ಕಂಪ್ಲಿ ಕಡಿ ಕಾಲುವಿಯೊಳಗ ಒಂದು ವಾರದಿಂದ ಮೊಸಳಿ ಕಾಣಾಕತ್ತೈತಂತ. ಎರಡು ಟಂಟಂ ತುಂಬ ರೈತರು ಬಂದಾರ. ನಮ್ಮ ಕಾಲೇಜಿನ ಭಾಷಣಕ್ಕ ಜನ ತಾವಾಗೇ ಬಂದಿದ್ದು ಇದೇ ಮೊದಲು.”

“ಮೇಡಂ, ಅದು ಪ್ರಿಂಟಿನ ತಪ್ಪು. ನನ್ನ ವಿಷಯ ಮೋಸೆಲ್. ಜರ್ಮನಿಯ ನದಿ.”

ಶೈಲಜಾ ಮೇಡಂ ಬ್ಯಾನರಿನ ಕಡೆ ನೋಡಿದರು, ಜನರ ಕಡೆ ನೋಡಿದರು, ಕೊನೆಗೆ ಸುಮಧ್ವನ ಕಡೆ ನೋಡಿದರು. “ಈಗ ಅದನ್ನೆಲ್ಲ ಯಾಕ್ ತೆಗೀತೀರಿ?” ಎಂದರು.

ಆದರೂ ಸುಮಧ್ವ ಗಟ್ಟಿ ಮನಸ್ಸು ಮಾಡಿದ. ಜನ್ಮಕ್ಕೊಂದು ಅವಕಾಶ, ಅಧ್ಯಕ್ಷರು ಖುದ್ದಾಗಿ ಕೇಳಲು ಬರುತ್ತಿದ್ದಾರೆ, ಮೋಸೆಲನ್ನೇ ಹೇಳುವುದು ಎಂದುಕೊಂಡ. ಹನ್ನೊಂದಾದರೂ ಅಧ್ಯಕ್ಷರು ಬರಲಿಲ್ಲ. ದಾರಿಯಲ್ಲಿ ಅದಿರಿನ ಲಾರಿಯೊಂದು ಅಡ್ಡ ನಿಂತಿದೆ, ಶುರು ಮಾಡಿರಿ ಎಂದು ಫೋನು ಬಂತು. ಸುಮಧ್ವ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

“ಮೋಸೆಲ್ ಹುಟ್ಟುವುದು ಫ್ರಾನ್ಸ್ ದೇಶದ ಬೆಟ್ಟಗಳಲ್ಲಿ. ಅದರ ಉದ್ದ ಐನೂರ ನಲವತ್ತೈದು ಕಿಲೋಮೀಟರ್.”

ಸಭೆ ಉಸಿರು ಬಿಗಿಹಿಡಿಯಿತು. ಮುಂದಿನ ಸಾಲಿನಲ್ಲಿ ಕಂಪ್ಲಿ ಕಡೆಯ ರೈತ ಮುದುಕಪ್ಪ ಪಕ್ಕದವನಿಗೆ, “ನಮ್ಮದು ಏಳೇ ಫೂಟ್ ಐತಲೇ, ಅದಕ್ಕೇ ಅಂಜಿ ಸಾಯಾಕತ್ತೀವಿ” ಎಂದ.

ಜನ ಇಷ್ಟು ತನ್ಮಯರಾಗಿ ಕೇಳುವುದನ್ನು ಕಂಡು ಸುಮಧ್ವನ ಎದೆ ತುಂಬಿ ಬಂತು. “ಮೋಸೆಲ್‌ಗೆ ಅವಸರ ಗೊತ್ತಿಲ್ಲ. ಟ್ರಿಯರ್ ಎಂಬ ಊರಿನಿಂದ ಕೊಬ್ಲೆನ್ಸ್ ಎಂಬ ಊರಿಗೆ ಹಕ್ಕಿ ಹಾರಿದರೆ ನೂರು ಕಿಲೋಮೀಟರ್ ಆದೀತು. ಮೋಸೆಲ್ ಮಾತ್ರ ಡೊಂಕುಡೊಂಕಾಗಿ ಹೊರಳಿ ಅದರ ಎರಡರಷ್ಟು ದೂರ ಹೋಗುತ್ತದೆ. ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ಬಂದರು. ಮೋಸೆಲ್‌ನ ಎರಡೂ ಮಗ್ಗುಲಿಗೆ ದ್ರಾಕ್ಷಿ ಬಳ್ಳಿ ಹಬ್ಬಿಸಿದರು.”

“ಅದು ಸುಮ್ನಿತ್ತೇನ್ರಿ?” ಮುದುಕಪ್ಪ ಎದ್ದು ನಿಂತು ಕೇಳಿದ.

“ಬೇಸಿಗೆಯಲ್ಲಿ ಸುಮ್ಮನಿರುತ್ತದೆ. ಮಳೆ ಹೆಚ್ಚಾದರೆ ಒಮ್ಮೊಮ್ಮೆ ಊರೊಳಗೆ ಬಂದುಬಿಡುತ್ತದೆ. ಈಗ ಅಲ್ಲಲ್ಲಿ ಗೇಟು ಕಟ್ಟಿದ್ದಾರೆ. ಮೋಸೆಲ್ ಮೇಲೆ ಜನ ದೋಣಿ ಬಿಡುತ್ತಾರೆ, ದೊಡ್ಡ ಹಡಗೇ ಹೋಗುತ್ತದೆ.”

“ಅದರ ಮ್ಯಾಲೇನ!”

“ಅದರ ಮೇಲೇ. ಕೊನೆಗೆ ಕೊಬ್ಲೆನ್ಸಿನಲ್ಲಿ ಅದರ ಮುಖ ರೈನ್‌ಗೆ ಸೇರುತ್ತದೆ.”

“ಮುಖ ಅಲ್ಲೈತಿ. ಬಾಲ?”

“ಬಾಲ ಇಲ್ಲ.”

ಸಭೆಯಲ್ಲಿ ಗದ್ದಲ ಎದ್ದಿತು. ಬಾಲವಿಲ್ಲದ್ದು ನೀರಿನಲ್ಲಿ ತಿರುಗುವುದು ಹೇಗೆ ಎಂದು ಹಿಂದಿನ ಬೆಂಚಿನವರು ಎರಡು ಪಕ್ಷವಾಗಿ ವಾದಕ್ಕೆ ಬಿದ್ದರು. ಆಗ ಸುಮಧ್ವನಿಗೆ ಅರ್ಥವಾಯಿತು. ಇಷ್ಟು ಹೊತ್ತು ತನ್ನ ನದಿಯನ್ನು ಇವರು ನಾಲ್ಕು ಕಾಲಿನ ಮೇಲೆ ನಡೆಸಿಕೊಂಡು ಬಂದಿದ್ದಾರೆ. ಅವನು ಮೈಕು ಹಿಡಿದು, “ದಯವಿಟ್ಟು ಕೇಳಿ. ಮೋಸೆಲ್ ಅಂದರೆ ಮೊಸಳೆಯಲ್ಲ. ನದಿ!” ಎಂದ.

ಸಭೆ ತಣ್ಣಗಾಯಿತು.

“ನದಿಯಾ?” ಮುದುಕಪ್ಪ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. “ನದಿ ನಮ್ಮೂರಾಗೂ ಐತ್ರಿ. ನಾಟಿ ಬಿಟ್ಟು ಬಂದೀವಿ ನಾವು. ನಡೀರಿ, ಎದ್ದೇಳ್ರಿ.”

ಕುರ್ಚಿಗಳು ಗರಗರ ಸದ್ದು ಮಾಡಿದವು. ಅಷ್ಟರಲ್ಲಿ ಸುಮಧ್ವನ ಕೈಗೆ ಶೈಲಜಾ ಮೇಡಂ ಒಂದು ಚೀಟಿ ತುರುಕಿದರು: ‘ಅಧ್ಯಕ್ಷರ ಕಾರು ಗೇಟಿಗೆ ಬಂದಿದೆ. ಖಾಲಿ ಸಭೆ ಕಂಡರೆ ನಿಮ್ಮ ಆರ್ಡರ್ ಇಲ್ಲ. ಮೊಸಳೆ.’

ಸುಮಧ್ವ ಚೀಟಿ ನೋಡಿದ, ಬಾಗಿಲ ಕಡೆ ಹೊರಟ ಬೆನ್ನುಗಳನ್ನು ನೋಡಿದ. ಹದಿನಾಲ್ಕು ವರ್ಷ ಎದೆಯಲ್ಲಿ ಹರಿಸಿಕೊಂಡು ಬಂದ ನದಿಯನ್ನು ಅಲ್ಲೇ ಕೈಬಿಟ್ಟ. ನೋವಾಯಿತು, ನಿಜವಾಗಿಯೂ ನೋವಾಯಿತು. ಆಮೇಲೆ ಮೈಕಿಗೆ ಬಾಯಿ ತಾಗಿಸಿ, “ಇನ್ನು ಮೊಸಳೆಯ ವಿಷಯಕ್ಕೆ ಬರೋಣ” ಎಂದ.

ಬೆನ್ನುಗಳೆಲ್ಲ ತಿರುಗಿದವು.

ಮೊದಲು ಗಜೇಂದ್ರ ಮೋಕ್ಷ ಹೇಳಿದ. ಆನೆಯ ಕಾಲನ್ನು ಮೊಸಳೆ ಹಿಡಿಯುವಲ್ಲಿಗೆ ಬಂದಾಗ ವಿರೂಪಾಕ್ಷಪ್ಪನವರು ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಬಿಳಿ ಅಂಗಿ, ಮಾತಿಲ್ಲದ ಮನುಷ್ಯ. ಸುಮಧ್ವ ಅವರ ಮುಖ ನೋಡಿದ. ಅದರಲ್ಲಿ ಏನೂ ಇರಲಿಲ್ಲ. ಸಾಲದು ಅನ್ನಿಸಿ, ಎರ್ರಿಯಪ್ಪ ಬೆಳಿಗ್ಗೆ ಹೇಳಿದ್ದನ್ನೆಲ್ಲ ಬಿಚ್ಚಿದ. ಮೊಸಳೆ ಯಾವ ಹೊತ್ತಿಗೆ ಮೇಲೆ ಬರುತ್ತದೆ, ಹೇಗೆ ಕಲ್ಲಿನ ಮೇಲೆ ಮಲಗಿ ಬಿಸಿಲು ಕಾಯಿಸುತ್ತದೆ, ಬಾಯಿ ಯಾಕೆ ತೆರೆದಿರುತ್ತದೆ ಎಲ್ಲವನ್ನೂ ಹೇಳಿದ. ಉಡದ ಭಾಗವನ್ನೂ ಬಿಡಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರ ಹುಬ್ಬು ಮಾತ್ರ ಗಂಟಿಕ್ಕಿತು. ಇನ್ನೂ ಸಾಲದೇನೋ ಎಂದುಕೊಂಡು ಸುಮಧ್ವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ವೇದಿಕೆಯ ಮೇಲೆ ಬೋರಲು ಬಿದ್ದ. ಮೊಣಕೈ ಊರಿಕೊಂಡು ಈ ತುದಿಯಿಂದ ಆ ತುದಿಯವರೆಗೆ ತೆವಳಿ ತೋರಿಸಿದ.

ಕಾಲೇಜಿನ ಚರಿತ್ರೆಯಲ್ಲಿ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಮುದುಕಪ್ಪ ವೇದಿಕೆ ಹತ್ತಿ, ಅಧ್ಯಕ್ಷರಿಗೆಂದು ತಂದಿಟ್ಟಿದ್ದ ಚೆಂಡುಹೂವಿನ ಹಾರವನ್ನು ಸುಮಧ್ವನ ಕೊರಳಿಗೆ ಹಾಕಿಬಿಟ್ಟ.

ಸಭೆ ಮುಗಿದ ಮೇಲೆ ಪ್ರಿನ್ಸಿಪಾಲರ ಕೋಣೆಯಲ್ಲಿ ಚಹಾ. ಹಾರದ ಸಮೇತ ಸುಮಧ್ವ ಕುರ್ಚಿಯ ತುದಿಯಲ್ಲಿ ಕೂತಿದ್ದ. ಇನ್ನೇನು ಆರ್ಡರು ಬಂತು ಎಂದು ಅವನಿಗೂ ಅನ್ನಿಸತೊಡಗಿತ್ತು.

ವಿರೂಪಾಕ್ಷಪ್ಪನವರು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಮೆಲ್ಲಗೆ ಶುರು ಮಾಡಿದರು. “ಎರಡ್ ವರ್ಷದ ಹಿಂದ ಅಕ್ಕಿ ಆರಿಸೋ ಮಷೀನ್ ನೋಡಾಕ ಜರ್ಮನಿಗೆ ಹೋಗಿದ್ದೆ. ಕಂಪನಿಯೋರು ಒಂದಿನ ದೋಣಿಯೊಳಗ ಕುಂದ್ರಿಸಿ ಮೋಸೆಲ್ ನದಿ ತೋರಿಸಿದ್ರು.”

ಸುಮಧ್ವ ಕುಡಿಯುತ್ತಿದ್ದ ಚಹಾವನ್ನು ಮೇಜಿನ ಮೇಲಿಟ್ಟ.

“ಎಂಥಾ ಜಾಗ ಅಂತೀರಿ! ಗುಡ್ಡ ಅಂದ್ರ ಗ್ವಾಡಿ ನಿಂತಂಗ ನಿಂತೈತಿ. ಅದರ ಮ್ಯಾಲೆ ಬರೇ ಕರೀ ಕಲ್ಲಿನ ಚಕ್ಕಿ, ಆ ಕಲ್ಲಿನೊಳಗ ದ್ರಾಕ್ಷಿ. ಇಂಥಾ ಥಂಡಿ ದೇಶದಾಗ, ಇಂಥಾ ಕಲ್ಲಾಗ ಬಳ್ಳಿ ಹೆಂಗ ಬದುಕ್ತೈತಿ ಅಂತ ಕೇಳಿದೆ. ಅವರು ಜರ್ಮನ್‌ನ್ಯಾಗ ಹೇಳಿದ್ರು, ನನಗ ತಿಳೀಲಿಲ್ಲ. ಅವತ್ತಿನಿಂದ ತಲಿಯೊಳಗ ಅದೇ ಕೊರೀತೈತಿ. ಕನ್ನಡದಾಗ ಹೇಳೋರು ಒಬ್ಬರಾದ್ರೂ ಸಿಗ್ತಾರೇನು ಅಂತ ನೋಡ್ತಿದ್ದೆ.”

ಅವರು ಬಸಿ ಕೆಳಗಿಟ್ಟರು. “ನಿಮ್ಮ ಅರ್ಜಿಯೊಳಗ ‘ಮೋಸೆಲ್’ ಅಂತ ನೋಡಿ ಎಷ್ಟ್ ಖುಷಿ ಆತು ಗೊತ್ತೇನ್ರಿ? ಅದಕ್ಕೇ ಭಾಷಣ ಇಡ್ರಿ ಅಂದೆ. ಕಾರ್ಡ್ ಬಂದಾಗ, ಪ್ರೆಸ್ಸಿನೋರು ತಪ್ಪು ಹೊಡದಾರ ಅಂತ ನಕ್ಕೆ. ಇಲ್ಲಿ ಬಂದ್ರ ನೀವು ನೆಲದ ಮ್ಯಾಲೆ ತೆವಳಾಕತ್ತೀರಿ. ಆಗ ತಿಳೀತು ನೋಡ್ರಿ. ಕಾರ್ಡ್ ಸರಿ ಐತಿ. ಅರ್ಜಿಯೊಳಗಿಂದೇ ಟೈಪಿಂಗ್ ತಪ್ಪು. ಹೌದಲ್ರಿ?”

ಸುಮಧ್ವ ಬಾಯಿ ತೆರೆದ. ಅಷ್ಟರಲ್ಲಿ ಶೈಲಜಾ ಮೇಡಂ ಕಾಲೇಜಿನ ಮರ್ಯಾದೆ ಕಾಪಾಡಿದರು. “ಹೌದ್ರಿ ಸರ. ಅರ್ಜಿಯೊಳಗ ತಪ್ಪಿತ್ತು. ಕಾರ್ಡ್ ಹೊಡಿಸೋ ಮುಂದ ನಾವೇ ಸರಿ ಮಾಡಿಸಿದ್ವಿ.”

“ಪಾಪ, ನಿಮ್ಮದೇನು ತಪ್ಪಿಲ್ಲ ಬಿಡ್ರಿ. ಆದ್ರ ಭೂಗೋಳದ ಪೋಸ್ಟಿಗೆ ಮೊಸಳಿಯೋರನ್ನ ತಗೊಳ್ಳಾಕ ಬರಾಂಗಿಲ್ಲ. ಮೇಡಂ, ಪೇಪರಿಗೆ ಜಾಹೀರಾತು ಕೊಡ್ರಿ.” ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಸುಮಧ್ವ ಹಾರದ ಸಮೇತ ಜಿಗಿದೆದ್ದ. ಜೀವಮಾನದಲ್ಲಿ ಮೊದಲ ಸಲ ‘ಹೌದ್ರಿ’ ಅನ್ನದೆ, ಅಧ್ಯಕ್ಷರ ದಾರಿಗೆ ಅಡ್ಡ ನಿಂತು ಕೂಗಿಯೇಬಿಟ್ಟ. “ಸರ, ಆ ಕರೀ ಕಲ್ಲು ಹಗಲೆಲ್ಲ ಬಿಸಿಲು ಕುಡೀತದರಿ! ಆ ಶಾಖ ಇಟ್ಟುಕೊಂಡು ರಾತ್ರಿಯೆಲ್ಲಾ ಬಿಡ್ತದ! ಅದಕ್ಕೇ ಅಲ್ಲಿ ಬದುಕ್ತದ ಸರ!”

ವಿರೂಪಾಕ್ಷಪ್ಪನವರು ಅವನ ಹೆಗಲು ತಟ್ಟಿದರು. “ಆಗ್ಲೇ ಹೇಳಿದ್ರಲ್ರಿ, ಕಲ್ಲಿನ ಮ್ಯಾಲೆ ಮಲಗಿ ಬಿಸಿಲು ಕಾಯಿಸ್ತೈತಿ ಅಂತ. ಭಾಳ ಛಂದ ತಿಳ್ಕೊಂಡೀರಿ ಮೊಸಳಿ ಬಗ್ಗೆ” ಎಂದು ಕಾರು ಹತ್ತಿದರು.