ನೆಂದರೆ ನೇರಳೆಯಾಗುವ ಕಂದು ಗರಿಯ ಕುರಿತು

ಲಾ ಪ್ಲೂಮಾ ಸೋಬೆರಾನಾ ಕಂಪನಿಯ ನೈಸರ್ಗಿಕ ಗುಣಮಟ್ಟ ವಿಭಾಗದ ಘನತೆವೆತ್ತ ನಿರ್ದೇಶಕರಿಗೆ,

ಮಾನ್ಯರೇ,

ಕುರುವೆನ್ಯೊ ಹೊಳೆಯ ದಂಡೆಯಿಂದ ಸೆಕುಂದೀನೊ ತಾಸ್ಕೋನ್ ಎಂಬ ನಾನು ಟೋಪಿ ತೆಗೆದು, ಸೊಂಟ ಬಗ್ಗುವಷ್ಟು ಬಗ್ಗಿಸಿ, ತಮಗೆ ಮಾಡುವ ನಮಸ್ಕಾರಗಳು. ತಾವೂ, ತಮ್ಮ ಕುಟುಂಬದವರೂ, ತಮ್ಮ ಬಣ್ಣದ ಕೊಪ್ಪರಿಗೆಗಳೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಇತ್ತ ನಾನೂ ಕ್ಷೇಮ, ನಾಲಿಗೆಯೊಂದನ್ನು ಬಿಟ್ಟು.

ನನ್ನ ಪರಿಚಯ ತಮಗಿರಲಾರದು. ನಮ್ಮ ಊರಿನಲ್ಲಿ ಕೆಲಸವಿಲ್ಲದವರು ನೊಣ ಹೊಡೆಯುತ್ತಾರೆ, ನಾನು ನೊಣ ಕಟ್ಟುತ್ತೇನೆ. ಸಣ್ಣ ಗಾಳಕ್ಕೆ ರೇಷ್ಮೆ ದಾರ ಸುತ್ತಿ, ಹುಂಜದ ಗರಿಯ ಎಳೆಗಳನ್ನು ರೆಕ್ಕೆಯ ಹಾಗೆ ಕೂರಿಸಿ, ಹೊಳೆಯ ಮೇಲೆ ಬಿಟ್ಟರೆ ಟ್ರೌಟ್ ಮೀನು ಅದನ್ನು ಜೀವಂತ ಹುಳುವೆಂದೇ ನಂಬಿ ಬಾಯಿ ಹಾಕಬೇಕು. ಇದಕ್ಕೆ ಬೇಕಾದ ಗರಿ ಕಂಡಕಂಡ ಕೋಳಿಯ ಮೈಮೇಲೆ ಬೆಳೆಯುವುದಿಲ್ಲ. ನಮ್ಮ ಕಣಿವೆಯ ಹುಂಜವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಚಂದ್ರ ಕರಗುವ ದಿನಗಳಲ್ಲಿ, ಅದರ ಬೈಗುಳ ಕೇಳಿಕೊಂಡೇ ಬೆನ್ನಿನಿಂದ ಒಂದೊಂದಾಗಿ ಕೀಳಬೇಕು. ಕಿತ್ತಾದ ಮೇಲೆ ಹುಂಜ ಎದ್ದು ಮೈ ಕೊಡವಿಕೊಂಡು ಹೋಗಿ ಹೊಸ ಗರಿ ಬೆಳೆಸುತ್ತದೆ. ನೈಸರ್ಗಿಕ ಎಂದರೆ ನಾವು ಇಷ್ಟು ದಿನ ತಿಳಿದುಕೊಂಡಿದ್ದು ಇದನ್ನೇ.

ಇಂಥ ಹುಂಜಗಳನ್ನು ಸಾಕುವವಳು ನನ್ನ ಪಕ್ಕದ ಮನೆಯ ಬೆನಿಲ್ದೆ. ಈ ಚಳಿಗಾಲ ಅವಳ ಕೋಳಿಗೂಡಿಗೆ ನರಿ ನುಗ್ಗಿ ಬಲಿತ ಹುಂಜಗಳನ್ನೆಲ್ಲ ಮುಗಿಸಿಬಿಟ್ಟಿತು. ಉಳಿದ ಮರಿಗಳ ಮೈಮೇಲೆ ಗರಿ ಅನ್ನುವುದಕ್ಕಿಂತ ಕೂದಲು ಅನ್ನಬಹುದು. "ಈ ವರ್ಷ ತೆಪ್ಪಗೆ ಕೂತ್ಕೊಳ್ಳೋ ಸೆಕುಂದೀನೊ, ಮೀನೇನು ಹೊಳೆ ಬಿಟ್ಟು ಓಡೋಗುತ್ತಾ?" ಎಂದು ಬೆನಿಲ್ದೆ ಹೇಳಿದಳು. ತೆಪ್ಪಗೆ ಕೂರುವ ಜಾಯಮಾನ ನಮ್ಮ ವಂಶದಲ್ಲೇ ಇಲ್ಲವಾದ್ದರಿಂದ, ಅಳಿಯನ ಫೋನಿನಲ್ಲಿ ತಮ್ಮ ಅಂಗಡಿಯನ್ನು ಹುಡುಕಿ, ಅತ್ಯುತ್ತಮ ದರ್ಜೆಯ ನೈಸರ್ಗಿಕ ಕಂದು ಗರಿಗಳನ್ನು ತರಿಸಿಕೊಂಡೆ.

ಆಹಾ, ಏನು ಪೊಟ್ಟಣ, ಮಾನ್ಯರೇ! ಕಿರೀಟ ತೊಟ್ಟ ಹುಂಜದ ಚಿತ್ರವೇನು, ಚಿನ್ನದ ಬಣ್ಣದ ಅಕ್ಷರಗಳೇನು, ಗರಿಗಿಂತ ದಪ್ಪನಾದ ಪ್ರಮಾಣಪತ್ರವೇನು! ನನ್ನ ಮದುವೆಯ ಪ್ರಮಾಣಪತ್ರಕ್ಕೂ ಅಷ್ಟು ಮೊಹರು ಬಿದ್ದಿರಲಿಲ್ಲ. ಒಳಗಿನ ಗರಿಗಳಂತೂ ಒಂದರ ಹಾಗೇ ಇನ್ನೊಂದು. ಅದೇ ಕಂದು, ಅದೇ ಚುಕ್ಕೆ, ಅದೇ ಜಾಗದಲ್ಲಿ ಅದೇ ಚುಕ್ಕೆ. ಬೆನಿಲ್ದೆಯ ಹುಂಜಗಳಿಗೆ ಈ ಶಿಸ್ತು ಎಂದೂ ಬಂದಿರಲಿಲ್ಲ. ಅವು ಮನಸ್ಸಿಗೆ ಬಂದ ಹಾಗೆ ಚುಕ್ಕೆ ಹಾಕಿಕೊಳ್ಳುತ್ತಿದ್ದ ಒರಟು ಪ್ರಾಣಿಗಳು. ತಮ್ಮ ಹುಂಜಗಳನ್ನು ಯಾವ ಸೈನಿಕ ಶಾಲೆಯಲ್ಲಿ ಓದಿಸಿದ್ದೀರೋ ಎಂದು ನಾನು ಬೆರಗಾಗಿ ನೋಡುತ್ತಲೇ ಇದ್ದೆ.

ಮೀನು ಹಿಡಿಯುವ ಕಾಲ ಮರುದಿನವೇ ಶುರುವಾಗಲಿದ್ದ ಆ ಭಾನುವಾರ, ಬೆಳಗಿನಿಂದ ಕಿಟಕಿಯ ಪಕ್ಕ ಕೂತು ತಮ್ಮ ಗರಿಗಳಿಂದ ನೊಣ ಕಟ್ಟಿದೆ. ಇಲ್ಲಿ ನಮ್ಮದೊಂದು ಹಳ್ಳಿಗಮಾರ ಪದ್ಧತಿಯನ್ನು ತಮ್ಮ ಗಮನಕ್ಕೆ ತರಬೇಕು. ನಾವು ಗರಿಯನ್ನು ಕಟ್ಟುವ ಮುಂಚೆ ತುಟಿಗಳ ನಡುವೆ ಎಳೆದು, ನಾಲಿಗೆಯಿಂದ ಒಮ್ಮೆ ತೇವ ಮಾಡುತ್ತೇವೆ, ಎಳೆಗಳು ಚೆದುರದೆ ಒಟ್ಟಿಗೆ ನಿಲ್ಲಲಿ ಎಂದು. ನಮ್ಮಪ್ಪ ಹಾಗೇ ಮಾಡುತ್ತಿದ್ದ, ಅವನಪ್ಪನೂ ಹಾಗೇ ಮಾಡುತ್ತಿದ್ದ, ಇಬ್ಬರೂ ಕೆಂಪು ನಾಲಿಗೆಯಲ್ಲೇ ಸತ್ತರು. ತಮ್ಮ ಗರಿಯ ಕಂದು ಬಣ್ಣ ನೆಂದರೆ ನೇರಳೆಯಾಗುತ್ತದೆ ಎಂಬ ವೈಜ್ಞಾನಿಕ ಸಂಗತಿ ಪ್ರಮಾಣಪತ್ರದ ಮೊಹರುಗಳ ಕೆಳಗೆ ಎಲ್ಲಾದರೂ ಅಡಗಿತ್ತೇನೋ, ನನ್ನ ಕಣ್ಣಿಗೆ ಬೀಳಲಿಲ್ಲ. ಮನೆಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ, ಕನ್ನಡಿ ನೋಡಿಕೊಳ್ಳುವ ವಯಸ್ಸೂ ನನ್ನದಲ್ಲ. ಹಾಗೇ ಎದ್ದು ಚರ್ಚಿಗೆ, ಭಾನುವಾರದ ಬಲಿಪೂಜೆಗೆ ಹೋದೆ.

ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಂತು, ಕಣ್ಣು ಮುಚ್ಚಿ, ಭಕ್ತಿಯಿಂದ ನಾಲಿಗೆ ಚಾಚಿದೆ. ಪಾದ್ರಿ ಎವೇಲಿಯೊ ಒಂದು ಹೆಜ್ಜೆ ಹಿಂದಕ್ಕೆ ಸರಿದು, "ಏನಯ್ಯಾ ಇದು ಸೆಕುಂದೀನೊ? ಪ್ರಸಾದಕ್ಕೆ ಬರೋ ಮುಂಚೆ ಒಂದು ಗಂಟೆ ಬಾಯಿ ಕಟ್ಟಕ್ಕಾಗಲ್ವಾ ನಿಂಗೆ? ಎಷ್ಟು ಲೋಟ ದ್ರಾಕ್ಷಾರಸ ಏರಿಸಿ ಬಂದಿದೀಯ?" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಪಿಸುಗುಟ್ಟಿದ್ದೇನೋ ನಿಜ, ಆದರೆ ಅವರ ನಿಲುವಂಗಿಗೆ ಮೈಕು ಸಿಕ್ಕಿಸಿತ್ತು. "ಕುಡಿದಿಲ್ಲ ಫಾದರ್, ಗರಿ ನೆಕ್ಕಿದೀನಿ" ಎಂದು ನಾನು ಕೊಟ್ಟ ಪ್ರಾಮಾಣಿಕ ಉತ್ತರವೂ ಅದೇ ಮೈಕಿನಲ್ಲಿ ಹೋಗಿ ಕೊನೆಯ ಬೆಂಚಿನವರೆಗೆ ತಲುಪಿತು. ಸಭೆ ನಕ್ಕ ನಗುವಿಗೆ ಗೋಡೆಯ ಮೇಲಿನ ಸಂತರೂ ನಕ್ಕಿರಬೇಕೆಂದು ನನಗೆ ಇವತ್ತಿಗೂ ಅನುಮಾನವಿದೆ.

ಮರುದಿನ ಹೊಳೆಯಲ್ಲಿ ತಮ್ಮ ನೊಣಗಳು ತೋರಿಸಿದ ಪರಾಕ್ರಮವನ್ನು ವರ್ಣಿಸಿ ತಮ್ಮ ಅಮೂಲ್ಯ ಸಮಯ ಹಾಳು ಮಾಡುವುದಿಲ್ಲ. ನೀರಿಗೆ ಬಿದ್ದ ಪ್ರತಿಯೊಂದೂ ಹಿಂದೆ ಒಂದು ನೇರಳೆ ಗೆರೆ ಎಳೆಯುತ್ತಾ ಸಾಗಿತು. ಮೀನುಗಳು ಪಕ್ಕಕ್ಕೆ ಸರಿದು ಮೆರವಣಿಗೆಗೆ ದಾರಿ ಬಿಟ್ಟವು.

ಇಷ್ಟಕ್ಕೇ ಮುಗಿದಿದ್ದರೆ ತಮಗೆ ಈ ತೊಂದರೆ ಕೊಡುತ್ತಿರಲಿಲ್ಲ. ನಮ್ಮ ಊರಿನಲ್ಲಿ ಮನುಷ್ಯನಿಗೆ ಸರ್ಕಾರ ಒಂದು ಹೆಸರು ಕೊಡುತ್ತದೆ, ಊರು ಇನ್ನೊಂದು. ಸರ್ಕಾರದ್ದು ಸತ್ತ ಮೇಲೆ ಮುಗಿಯುತ್ತದೆ, ಊರಿನದು ಮಕ್ಕಳಿಗೂ ಮೊಮ್ಮಕ್ಕಳಿಗೂ ದಾಟುತ್ತದೆ. ನಮ್ಮ ಮನೆಯವರನ್ನು ಮುತ್ತಜ್ಜಿಯ ಕಾಲದಿಂದ "ರೇಷ್ಮೆಯವರು" ಎನ್ನುತ್ತಿದ್ದರು, ಅವಳು ಗಾಳಕ್ಕೆ ರೇಷ್ಮೆ ಸುತ್ತುತ್ತಿದ್ದ ನಾಜೂಕಿಗೆ. ಈಗ ನಾವು "ನೇರಳೆನಾಲಿಗೆಯವರು". ಹೋಟೆಲಿನಲ್ಲಿ ಒಂದು ಲೋಟ ಹಾಲು ಕೇಳಿದರೆ, "ನೇರಳೆನಾಲಿಗೆಗೆ ಬಿಳೀದು ಬೇಕಂತೆ, ಕೊಡ್ರಪ್ಪಾ!" ಎಂಬ ಕೂಗು ಬರುತ್ತದೆ. ನಾನು ಬರೆದ ಮೊದಲ ದೂರಿಗೆ ತಮ್ಮ ಕಚೇರಿ ಕೊಟ್ಟ ಉತ್ತರವನ್ನು ತಂದ ಅಂಚೆಯವಳು, ಹುಟ್ಟಿದಾಗಿನಿಂದ ನನ್ನನ್ನು ಬಲ್ಲವಳು, ಬಾಗಿಲಲ್ಲಿ ನಿಂತು, "ನೇರಳೆನಾಲಿಗೆಯೋರ ಮನೆ ಇದೇ ಅಲ್ವಾ?" ಎಂದು ಗಂಭೀರವಾಗಿ ಕೇಳಿದಳು.

ಆ ಉತ್ತರ ಓದಿ ನಾನು ಧನ್ಯನಾದೆ. "ನಮ್ಮ ಗರಿಗಳು ಸೇವನೆಗೆ ಯೋಗ್ಯವಲ್ಲ, ಗ್ರಾಹಕರು ಅವನ್ನು ಬಾಯಿಗೆ ಹಾಕಿಕೊಳ್ಳಬಾರದಾಗಿ ವಿನಂತಿ" ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಸರಿಯಾದ ಮಾತು. ಇನ್ನು ಮುಂದೆ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಆದರೆ ಮೀನಿಗೆ ಬಾಯಿ ಬಿಟ್ಟರೆ ಬೇರೆ ಗತಿಯಿಲ್ಲವಲ್ಲ, ಮಾನ್ಯರೇ. ಅದು ಕೈಚೀಲ ಹಿಡಿದುಕೊಂಡು ಬಂದು ನೊಣ ಕೊಂಡು ಹೋಗುವ ಏರ್ಪಾಡೇನಾದರೂ ತಮ್ಮ ಕಚೇರಿಯಲ್ಲಿದೆಯೇ?

ಈಗ ನನ್ನ ಹೊಟ್ಟೆ ಉರಿಯುವ ಸಂಗತಿಗೆ ಬರುತ್ತೇನೆ. ನನ್ನ ಮಗಳು ನೋಎಲಿಯಾಳ ಕೂಸು ಓಲಾಯಾಗೆ ಈ ಭಾನುವಾರ ದೀಕ್ಷಾಸ್ನಾನ. ನಮ್ಮಲ್ಲಿ ಅದು ಮುಗಿದ ಮೇಲೆ, ಕೂಸಿಗೆ ಎರಡನೇ ತಾಯಿಯಾಗಿ ನಿಲ್ಲುವ ಜ್ಞಾನತಾಯಿ ಚರ್ಚಿನ ಮೆಟ್ಟಿಲ ಮೇಲೆ ನಿಂತು ಮಿಠಾಯಿ ಎರಚುತ್ತಾಳೆ, ಊರ ಮಕ್ಕಳೆಲ್ಲ ಬಾಚಿಕೊಳ್ಳುತ್ತಾ ಕೂಸಿನ ಮನೆಹೆಸರನ್ನು ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಆ ದಿನ ಏನು ಕೂಗಿದರೋ ಅದು ಆ ಕೂಸಿಗೆ ಸಾಯುವ ತನಕ ಅಂಟಿತೆಂದೇ ಲೆಕ್ಕ. "ಅಪ್ಪಾ, ಇವತ್ತು ನಗ್ತಾರೆ, ನಾಳೆ ಶಾಲೇಲಿ ಇವಳನ್ನ ಅದೇ ಹೆಸರಲ್ಲಿ ಕರೀತಾರೆ. ನಾನು ಪೇಟೆ ಚರ್ಚಲ್ಲೇ ಮಾಡಿಸ್ತೀನಿ, ಊರ ಸಹವಾಸಾನೇ ಬೇಡ" ಎಂದು ನೋಎಲಿಯಾ ಅತ್ತಳು. ಅವಳು ಒಮ್ಮೆ ಹಾಗೆ ಊರಿನತ್ತ ಬೆನ್ನು ಹಾಕಿದರೆ ಮತ್ತೆ ಬರುವವಳಲ್ಲ. ಹಟದಲ್ಲಿ ನನ್ನ ಮಗಳೇ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೊಣ ಕಟ್ಟುವುದನ್ನು ತೋರಿಸಬೇಕೆಂಬ ಆಸೆ ನನಗಿತ್ತು, ಅದು ತಮ್ಮ ಕೊಪ್ಪರಿಗೆಯಲ್ಲಿ ಬಿದ್ದು ಹೋಗುತ್ತಿದೆ. ನಗುನಗುತ್ತಾ ಬರೆಯುತ್ತಿರುವೆನಾದರೂ ಈ ಒಂದು ಮಾತನ್ನು ನಗುತ್ತಾ ಬರೆಯಲಾಗಲಿಲ್ಲ. ಜ್ಞಾನತಾಯಿಯಾಗಿ ಒಪ್ಪಿಕೊಂಡಿರುವ ಬೆನಿಲ್ದೆ ಮಾತ್ರ, "ಭಾನುವಾರದ ತನಕ ಬಾಯಿ ಮುಚ್ಕೊಂಡಿರು, ಮಿಕ್ಕಿದ್ದು ನಂಗೆ ಬಿಡು. ನೀನೂ ಅಷ್ಟೇ ಕಣೇ ನೋಎಲಿಯಾ, ಊರಲ್ಲೇ ಮಾಡ್ಸು" ಎಂದು ಗದರಿದಳು. ಮಗಳು ಒಲ್ಲದ ಮನಸ್ಸಿನಿಂದ ಹೂಂ ಅಂದಿದ್ದಾಳೆ.

ಆದ್ದರಿಂದ ತಮ್ಮಲ್ಲಿ ನನ್ನ ಸವಿನಯ ಪ್ರಾರ್ಥನೆ ಏನೆಂದರೆ, ತಾವು ಭಾನುವಾರದೊಳಗೆ ಖುದ್ದಾಗಿ ದಯಮಾಡಿಸಿ, ನಮ್ಮ ಊರ ಚೌಕದಲ್ಲಿ ಕುರ್ಚಿಯ ಮೇಲೆ ನಿಂತು, ತಮ್ಮ ಅತ್ಯುತ್ತಮ ದರ್ಜೆಯ ಗರಿಯೊಂದನ್ನು ಸಮಸ್ತರ ಸಮ್ಮುಖದಲ್ಲಿ ನೆಕ್ಕಿ ತೋರಿಸಬೇಕು. ಕೆಲಸದ ಒತ್ತಡದಿಂದ ಅದು ಸಾಧ್ಯವಾಗದಿದ್ದರೆ, ಒಂದೇ ಜಾಗದಲ್ಲಿ ಚುಕ್ಕೆ ಹಾಕಿಕೊಳ್ಳುವ ತಮ್ಮ ಆ ಶಿಸ್ತಿನ ಹುಂಜವನ್ನಾದರೂ ಕಳುಹಿಸಿಕೊಡಿ. ಮಳೆಯಲ್ಲಿ ನಿಂತರೆ ಅದು ಯಾವ ಬಣ್ಣಕ್ಕೆ ತಿರುಗುತ್ತದೆಂದು ನೋಡುವ ಕುತೂಹಲ ಇಡೀ ಕಣಿವೆಗಿದೆ. ಅದೂ ಆಗದು ಎನ್ನುವುದಾದರೆ ನಮ್ಮ ಹೊಳೆಯ ಮೀನುಗಳಿಗೆ ಓದು ಕಲಿಸಲು ಒಬ್ಬ ಮೇಷ್ಟರನ್ನು ನೇಮಿಸಿ. ಪ್ರಮಾಣಪತ್ರವನ್ನು ನಾನೇ ನೀರಿನಲ್ಲಿ ಹಿಡಿದು ನಿಲ್ಲುತ್ತೇನೆ.

ಪೇಟೆಯ ಪತ್ರಿಕೆಗೂ, ಹೋಟೆಲಿನ ಬಾಗಿಲಿಗೂ ಈ ಪತ್ರದ ಒಂದೊಂದು ಪ್ರತಿ ಹೋಗುತ್ತಿದೆ. ತಮ್ಮ ಅಮೃತಹಸ್ತದ ಉತ್ತರಕ್ಕಾಗಿ, ಬಾಯಿ ತೆರೆಯದೆ, ಕಾದಿದ್ದೇನೆ.

ಮೊಹರು ನೋಡಿ ಮರುಳಾದ ತಮ್ಮ ವಿಶ್ವಾಸಿ,
ಸೆಕುಂದೀನೊ ತಾಸ್ಕೋನ್

ತಾ.ಕ.: ಅಂಚೆಯವಳು ರಜೆಯಲ್ಲಿದ್ದುದರಿಂದ ಈ ಪತ್ರ ಸೋಮವಾರದ ತನಕ ಮೇಜಿನ ಮೇಲೆಯೇ ಉಳಿಯಿತು, ಅಷ್ಟರಲ್ಲಿ ದೀಕ್ಷಾಸ್ನಾನ ಮುಗಿಯಿತು. ತಾವು ಬರಲಿಲ್ಲ. ಬೆನಿಲ್ದೆ ಮಾತ್ರ ಎಲ್ಲರಿಗಿಂತ ಮುಂಚೆ ಬಂದು, ದೀಕ್ಷಾಸ್ನಾನ ಶುರುವಾಗುವ ಮೊದಲೇ ಚರ್ಚಿನ ಅಂಗಳದಲ್ಲಿ ಚೀಲ ಬಿಚ್ಚಿ ಮಕ್ಕಳು ಮುದುಕರೆನ್ನದೆ ಎಲ್ಲರ ಬಾಯಿಗೂ ಕಾಡುಹಣ್ಣಿನ ಮಿಠಾಯಿ ತುರುಕಿದಳು. ಅದು ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು, "ಹೂಂ, ಈಗ ಕೂಗ್ರೋ ನೋಡೋಣ! ಕೂಗೋ ಮುಂಚೆ ಒಬ್ಬರಿಗೊಬ್ಬರು ನಾಲಿಗೆ ತೋರಿಸ್ಕೊಳ್ಳಿ!" ಎಂದಳು. ತೋರಿಸಿಕೊಂಡರು. ಒಂದಾದರೂ ಕೆಂಪು ನಾಲಿಗೆ ಇರಲಿಲ್ಲ, ಎಲ್ಲವೂ ನೇರಳೆ, ಪಾದ್ರಿ ಎವೇಲಿಯೊ ಅವರದೂ ಸೇರಿ. ನಕ್ಕು ಸುಸ್ತಾದ ಮೇಲೆ ಮಕ್ಕಳು "ರೇಷ್ಮೆಯವರ ಓಲಾಯಾ!" ಎಂದು ಕೂಗಿದರು, ನೋಎಲಿಯಾ ಕಣ್ಣೊರೆಸಿಕೊಂಡು ಕೂಸನ್ನು ತಂದು ನನ್ನ ಕೈಗೆ ಕೊಟ್ಟಳು. ಹೀಗಾಗಿ ತಾವು ಇನ್ನು ಬರುವ ಅಗತ್ಯವಿಲ್ಲ. ಆದರೆ ಆ ಮಿಠಾಯಿಯ ಪೊಟ್ಟಣವೊಂದನ್ನು ತಮ್ಮ ವಿಭಾಗದ ಅಭ್ಯಾಸಕ್ಕಾಗಿ ಇದರೊಂದಿಗೆ ಲಗತ್ತಿಸಿದ್ದೇನೆ, ದಯವಿಟ್ಟು ಹಿಂಬದಿ ತಿರುಗಿಸಿ ಓದಿ. ಮಕ್ಕಳ ಬಾಯಿಗೆ ಹೋಗುವ ಆ ಅಗ್ಗದ ಸಾಮಾನಿನ ಮೇಲೆ, ಬರಿಗಣ್ಣಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ, "ಕೃತಕ ಬಣ್ಣ ಸೇರಿಸಲಾಗಿದೆ" ಎಂದು ಅಚ್ಚು ಹಾಕಿದ್ದಾರೆ.