ಪುಕ್ಕಟೆ ಅಳಿಯನ ನೆಟ್‌ವರ್ಕ್ ಕಾರ್ಡು

"ಪುಕ್ಕಟೆ ಸಿಕ್ಕಿದ ಅಳಿಯ, ಪುಕ್ಕಟೆ ಸಿಕ್ಕಿದ ಸಿಸ್ಟಮ್ಮು. ಎರಡೂ ಕೆಲಸಕ್ಕೆ ಬರಲ್ಲ."

ಪಾರ್ಸೆಲ್ ಆಫೀಸಿನ ಯಜಮಾನರು ಇದನ್ನು ಹೇಳಿದ್ದು ಸ್ವಂತ ಅಳಿಯನಿಗೆ, ಅದೂ ಬುಕಿಂಗ್ ಕೌಂಟರಿನ ಮುಂದೆ ಗಂಟುಮೂಟೆ ಹಿಡಿದು ಸಾಲು ನಿಂತಿದ್ದ ಅಷ್ಟೂ ಜನರ ಎದುರಿಗೆ. ಯಾರೋ ಕಿಸಕ್ಕೆಂದರು. ಅಳಿಯ ಮೇಜಿನ ಕೆಳಗೆ ತಲೆ ತೂರಿಸಿಕೊಂಡಿದ್ದರಿಂದ ಮುಖ ಕಾಣಲಿಲ್ಲ, ಅಷ್ಟರಮಟ್ಟಿಗೆ ಪುಣ್ಯ.

ಆಗಿದ್ದು ಇಷ್ಟು. ಕೌಂಟರಿನ ಕಂಪ್ಯೂಟರಿನಲ್ಲಿದ್ದ ನೆಟ್‌ವರ್ಕ್ ಕಾರ್ಡು ಸುಟ್ಟುಹೋಗಿತ್ತು. ಅದಿಲ್ಲದಿದ್ದರೆ ಕೌಂಟರಿಗೂ ಗೋದಾಮಿಗೂ ಮಾತುಕತೆ ಬಂದ್. ಅಳಿಯ ಅಂಗಡಿಯಿಂದ ಹೊಸ ಕಾರ್ಡು ತಂದು ಹಾಕಿದ. ಆ ಕಂಪ್ಯೂಟರಿನಲ್ಲಿದ್ದದ್ದು ಅವನೇ ಹಟ ಹಿಡಿದು ಹಾಕಿಸಿದ್ದ, ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು ತಿದ್ದಿಕೊಳ್ಳಬಹುದಾದ ಸಿಸ್ಟಮ್ಮು. ಅದು ಹೊಸ ಕಾರ್ಡನ್ನು ಕಣ್ಣೆತ್ತಿಯೂ ನೋಡಲಿಲ್ಲ. ಇಬ್ಬರ ನಡುವೆ ದುಭಾಷಿಯಂತೆ ನಿಲ್ಲಬೇಕಾದ ಡ್ರೈವರ್ ಎಂಬ ಪ್ರೋಗ್ರಾಮನ್ನು ಕಾರ್ಡಿನ ಕಂಪನಿಯವರು ಈ ಸಿಸ್ಟಮ್ಮಿಗೆಂದು ಬರೆದೇ ಇರಲಿಲ್ಲ.

"ಸಂಜೆ ಬಾಗಿಲು ಹಾಕೋದ್ರೊಳಗೆ ನಡೀಬೇಕು. ಇಲ್ಲಾಂದ್ರೆ ಬೇರೆ ಶಾಖೆಗಳಲ್ಲಿರೋ ಹಾಗೆ ದುಡ್ಡು ಕೊಟ್ಟು ತರೋ ಸಿಸ್ಟಮ್ಮೇ ಇಲ್ಲೂ ಹಾಕಿಸ್ತೀನಿ. ನೀನು ಗೋದಾಮಲ್ಲಿ ಮೂಟೆ ಹೊರಿಸ್ಕೊಂಡಿರು" ಎಂದು ಮಾವ ತೀರ್ಪು ಕೊಟ್ಟರು.

ಅಳಿಯ ಕಂಪನಿಗೆ ಫೋನು ಮಾಡಿದ. ಡ್ರೈವರ್ ಬರೆದುಕೊಡದಿದ್ದರೆ ಬೇಡ, ಕಾರ್ಡಿನ ಮೇಲಿರುವ ಚಿಪ್ಪನ್ನು ಹೇಗೆ ಮಾತಾಡಿಸಬೇಕೆಂದು ತಿಳಿಸುವ ಕಾಗದ ಕೊಟ್ಟರೆ ತಾನೇ ಬರೆದುಕೊಳ್ಳುತ್ತೇನೆಂದ. ಆ ಕಡೆಯ ಹುಡುಗಿ ಒಂದು ಸಲ ಆಫ್ ಮಾಡಿ ಆನ್ ಮಾಡಲು ಹೇಳಿದಳು. ಒತ್ತಿ ಕೇಳಿದಾಗ, ಅದು ಕಂಪನಿಯ ಗುಟ್ಟು, ಹೊರಗಿನವರಿಗೆ ಕೊಡುವುದಿಲ್ಲವೆಂದಳು.

ಅಳಿಯನ ಪಿತ್ತ ನೆತ್ತಿಗೇರಿತು. "ಹೊರಗಿನವನು ಯಾರಮ್ಮಾ? ಹೆಣ್ಣು ಕೊಟ್ಟು, ಅವಳ ಹೆಸರು ಮಾತ್ರ ಹೇಳಲ್ಲ ಅಂದ್ರೆ ಸಂಸಾರ ಹೇಗೆ ಮಾಡ್ಬೇಕು?"

ಫೋನು ಕಟ್ಟಾಯಿತು. ಪಕ್ಕದಲ್ಲಿದ್ದ ಮಾವ ಈ ಮಾತು ತಮಗೇ ಬಿತ್ತೆಂದುಕೊಂಡು, ಮಗಳನ್ನು ಕೊಡುವಾಗ ತಾವು ಏನೂ ಮುಚ್ಚಿಟ್ಟಿರಲಿಲ್ಲವೆಂದು ಸಾಲಿನವರಿಗೆಲ್ಲ ವಿವರಿಸತೊಡಗಿದರು.

ಅಷ್ಟರಲ್ಲಿ ಸಹಾಯಕ್ಕೆ ಜನ ಮುಗಿಬಿದ್ದರು. ಕ್ಯಾಶಿಯರಮ್ಮ ಕಾರ್ಡನ್ನು ಬಿಚ್ಚಿಸಿ ಉಫ್ ಎಂದು ಊದಿದರು. ತೂಕ ಹಾಕುವವನು ತಂತಿ ಸಡಿಲವಾಗಿರಬೇಕೆಂದು ಒಂದನ್ನು ಕಿತ್ತ. ಅದು ನೆಟ್ಟಗಿದ್ದ ಗೋದಾಮಿನ ತಂತಿ. ಈಗ ಅಲ್ಲಿಯ ಪರದೆಯೂ ಮೂಕ. ಸಾಲು ಬಾಗಿಲು ದಾಟಿ ಬೀದಿಗಿಳಿಯಿತು.

ಫೋನಿನಲ್ಲಿ ಜಾಲಾಡಿ ಜಾಲಾಡಿ, ಕೊನೆಗೆ ಯಾವುದೋ ದೇಶದ ಪುಣ್ಯಾತ್ಮನೊಬ್ಬ ಇದೇ ಚಿಪ್ಪಿಗೆ ಬರೆದಿಟ್ಟ ಅರ್ಧ ಡ್ರೈವರ್ ಸಿಕ್ಕಿತು. ಅವನಿಗೂ ಯಾರೂ ಕಾಗದ ಕೊಟ್ಟಿರಲಿಲ್ಲ. ಕತ್ತಲಲ್ಲಿ ಬೀಗದ ತೂತು ಹುಡುಕುವವನಂತೆ ತಡವಿ ತಡವಿ ಬರೆದಿದ್ದ. ಉಳಿದರ್ಧಕ್ಕೆ ಅಳಿಯ ಊಟ ಬಿಟ್ಟು ಕೂತ. ಕಾರ್ಡಿನ ದೀಪ ಹತ್ತಿತು, ಆರಿತು. ಮತ್ತೆ ಹತ್ತಿತು, ಮತ್ತೆ ಆರಿತು. ಎಬ್ಬಿಸಿದ ಕೂಡಲೇ ಕೆಲಸ ಹೇಳಿದರೆ ಆ ಚಿಪ್ಪು ಮುನಿಸಿಕೊಳ್ಳುತ್ತಿತ್ತು. ಮೈಮುರಿಯಲು ಒಂದು ಗಳಿಗೆ ಬಿಟ್ಟರೆ ಸಾಕಿತ್ತು. ಇಷ್ಟನ್ನು ಬರೆದುಕೊಟ್ಟಿದ್ದರೆ ಆ ಕಂಪನಿಯವರ ಗಂಟೇನು ಹೋಗುತ್ತಿತ್ತೋ.

ಕೊನೆಗೆ ಹಸಿರು ದೀಪ ಆರದೆ ನಿಂತಿತು. ಕಿತ್ತಿದ್ದ ತಂತಿಯನ್ನೂ ಮತ್ತೆ ಸಿಕ್ಕಿಸಿದ ಮೇಲೆ ಗೋದಾಮಿನ ಲೆಕ್ಕವೆಲ್ಲ ಕೌಂಟರಿನ ಪರದೆಯ ಮೇಲೆ ಸಾಲಾಗಿ ಬಂತು.

ಮಾವ ಪರದೆ ನೋಡಿದರು, ಅಳಿಯನನ್ನು ನೋಡಿದರು. "ನಾನು ಆಗ್ಲೇ ಹೇಳಿರ್ಲಿಲ್ವಾ, ನಮ್ಮ ಅಳಿಯ ಚಿನ್ನ ಅಂತ" ಎಂದು ಬೆಳಗಿನಿಂದ ನಿಂತೇ ಇದ್ದ ಅದೇ ಜನರಿಗೆ ಹೇಳಿ, ಕಾರ್ಡಿನ ಖಾಲಿ ಡಬ್ಬಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎಲ್ಲಿಗೋ ಹೊರಟರು. ಅಳಿಯ ಮೇಜಿಗೆ ತಲೆಯಾನಿಸಿ ಹಾಗೇ ನಿದ್ದೆಹೋದ.

ಎಚ್ಚರವಾದಾಗ ಮರುದಿನ ಬೆಳಗಾಗಿತ್ತು. ಮಾವ ಎದುರಿಗೆ, ಅವರ ಹಿಂದೆ ಡಬ್ಬಿಗಳ ಗುಡ್ಡ. ಉಳಿದ ಶಾಖೆಗಳಿಗೆಲ್ಲ ಇದೇ ಕಾರ್ಡು ಕೊಂಡಿದ್ದರು. ಸಗಟು ದರ, ವಾಪಸ್ ಇಲ್ಲ.

"ಹಳೇ ಕಾರ್ಡುಗಳು ಒಂದೊಂದೇ ಸುಡೋ ಮೊದಲೇ ಎಲ್ಲಾ ಕಡೆ ರಾತ್ರೋರಾತ್ರಿ ಕೀಳಿಸಿಬಿಟ್ಟೆ ಕಣಪ್ಪಾ. ಆ ದುಡ್ಡಿನ ಸಿಸ್ಟಮ್ಮನ್ನೂ ಅಳಿಸಿ, ನಿಂದನ್ನೇ ಹಾಕಿಸಿದೀನಿ. ಇನ್ನು ಈ ಹೊಸ ಕಾರ್ಡು ಅಲ್ಲಿಗೆ ಹೋಗೋದೊಂದೇ ಬಾಕಿ."

ಅಳಿಯ ಒಂದು ಡಬ್ಬಿ ಒಡೆದು ಕಾರ್ಡು ಸಿಕ್ಕಿಸಿದ. ದೀಪವಿಲ್ಲ. ಇನ್ನೊಂದು ಒಡೆದ. ದೀಪವಿಲ್ಲ. ಕಾರ್ಡನ್ನು ಕಣ್ಣ ಹತ್ತಿರ ಹಿಡಿದ. ಹೆಸರು ಅದೇ, ನಂಬರು ಅದೇ, ಡಬ್ಬಿಯ ಮೇಲಿನ ಚಿತ್ರವೂ ಅದೇ. ಚಿಪ್ಪು ಮಾತ್ರ ಬೇರೆ. ಅಂಗಡಿಯವರನ್ನು ಕೇಳಿದರೆ, ಇದು ಹೊಸ ಲಾಟು, ಅಗ್ಗದ ಚಿಪ್ಪು ಸಿಕ್ಕಾಗಲೆಲ್ಲ ಕಂಪನಿ ಬದಲಾಯಿಸುತ್ತಿರುತ್ತದೆ, ಅಷ್ಟಕ್ಕೆ ಡಬ್ಬಿ ಯಾಕೆ ಬದಲಾಯಿಸಬೇಕು ಎಂದು ತಿರುಗಿ ಕೇಳಿದರು.

ಮಾವ ಎರಡು ಡಬ್ಬಿಗಳನ್ನು ಪಕ್ಕಪಕ್ಕ ಎತ್ತಿ ಹಿಡಿದು, ಮತ್ತೆ ಸೇರಿದ್ದ ಸಾಲಿನವರಿಗೆಲ್ಲ ತೋರಿಸಿದರು. "ಇದೂ ಅದೇ, ಅದೂ ಇದೇ. ಆಗ ನಡೀತು, ಈಗ ನಡೆಯಲ್ಲ ಅಂದ್ರೆ ಕೆಟ್ಟಿರೋದು ಕಾರ್ಡಾ, ನೀನಾ?"

ಶಾಖೆಗಳಿಂದ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಅಳಿಯ ಕಾರ್ಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಮಂಡಿಗೆ ಮೆತ್ತಿದ್ದ ಧೂಳು ಕೊಡವಿಕೊಂಡ. ದಾರಿ ಬಿಟ್ಟ ಸಾಲಿನ ನಡುವೆ ನಡೆದು ಬೀದಿಗಿಳಿದ.